ನಾಷ್ಟಾ ಆಮೇಲೆ, ಮೊದಲು ಹೊರಡಿ

ಹಂಪಿ, ಗೋವಾ ಎಂದು ಸಾವಿರಗಟ್ಟಲೆ ಸುರಿಯುವ ರಾಯಚೂರಿನವರಲ್ಲಿ ತಮ್ಮೂರ ಕೋಟೆ ಹತ್ತದವರು ಕಡಿಮೆಯೇನಿಲ್ಲ. ಕೇಳಿದರೆ, ‘ಇಲ್ಲೇನೈತ್ರಿ, ಬಿಸಿಲು ಬಿಟ್ಟರೆ?’ ಎನ್ನುತ್ತಾರೆ. ಬಿಸಿಲಿದೆ, ಒಪ್ಪಿದೆ. ಆದರೆ ಇಲ್ಲಿ ತಿರುಗಾಟ ಕೆಡಿಸುವುದು ನಾವು ಹೊರಡುವ ಹೊತ್ತು ಎಂಬುದು ನನ್ನ ವಾದ. ಬಸ್ ನಿಲ್ದಾಣದ ಹತ್ತಿರವೇ ಇರುವ ಕೋಟೆಯ ಒಳಗೋಡೆಯಲ್ಲಿ 1294ರ ಶಾಸನವಿದೆ. ಅದನ್ನು ಕೊರೆದ ಕಲ್ಲು 41 ಅಡಿಗಿಂತಲೂ ಉದ್ದ. ಅಂಥ ಬಂಡೆಯನ್ನು ಬಂಡಿಯ ಮೇಲೆ ಹೇರಿ, ಸಾಲುಸಾಲು ಜಾನುವಾರು ಕಟ್ಟಿ ಎಳೆಸಿದ ಚಿತ್ರವನ್ನೂ ಗೋಡೆಯ ಮೇಲೆ ತೆಳುವಾಗಿ ಗೀರಿದ್ದಾರೆ. ನೆತ್ತಿಯ ಬಿಸಿಲಿಗೆ ಗೋಡೆ ಕಣ್ಣು ಕುಕ್ಕುತ್ತದೆ, ಗೆರೆಗಳು ಮಾಯ. ನೋಡದೆ ಬಂದವರು ‘ಏನೂ ಇಲ್ಲ’ ಎಂದು ತೀರ್ಪು ಕೊಡುತ್ತಾರೆ.

ಪ್ರತಿ ಮನೆಯಲ್ಲೂ ಒಬ್ಬ ಮಾವನಿರುತ್ತಾನೆ: ‘ಒಗ್ಗರಣಿ, ಮಿರ್ಚಿ ತಿಂದೇ ಹೋಗೂಣು’ ಎನ್ನುವವನು. ಅಲ್ಲಿಗೆ ಹತ್ತು ಗಂಟೆ. ಕೋಟೆಯ ಮೇಲ್ತುದಿಯ ಬಾಲಾ ಹಿಸಾರ್ ಅರ್ಧ ಏರುವಷ್ಟರಲ್ಲಿ ಕಲ್ಲಿಗೆ ಕೈ ಊರಿದರೆ ಚುರ್ ಎನ್ನುತ್ತದೆ, ಬಾಟಲಿಯ ನೀರು ಚಹಾದಷ್ಟು ಬಿಸಿ, ಕೂರಲು ಅಂಗೈಯಗಲ ನೆರಳಿಲ್ಲ. ಮಕ್ಕಳ ಮುಖ ಕೆಂಪಾಗುತ್ತದೆ, ಆಮೇಲೆ ಅವು ಮಾತೇ ನಿಲ್ಲಿಸುತ್ತವೆ. ಭಯಪಡಬೇಕಾದ್ದು ಆ ಮೌನಕ್ಕೆ. ಹಾಗಾದರೆ ಸಂಜೆ ಹೋಗಬಹುದಲ್ಲ ಎನ್ನುತ್ತೀರಿ. ದಿನವಿಡೀ ಕಾದ ಬಂಡೆ ಕತ್ತಲಾದ ಮೇಲೂ ಬಿಸಿ ಉಗುಳುತ್ತಿರುತ್ತದೆ, ಇಳಿಯುವಾಗ ಕಾಲ ಕೆಳಗಿನ ಮೆಟ್ಟಿಲೂ ಕಾಣದು. ಬಂಡೆ ತಣ್ಣಗಿರುವುದು ನಸುಕಿನಲ್ಲಿ ಮಾತ್ರ. ಏಪ್ರಿಲ್, ಮೇ ಬಂದರೆ ಅದನ್ನೂ ಬಿಟ್ಟುಬಿಡಿ. ನವೆಂಬರಿನಿಂದ ಫೆಬ್ರುವರಿವರೆಗೆ ಸಾಕಷ್ಟು ಭಾನುವಾರಗಳಿವೆ.

ಖರ್ಚಿನ ನೆಪ ಇನ್ನೂ ಬಡಕಲು. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಇಳಿದರೆ ಹಳೆಯ ಗುಡಿಗಳು, ಶಾಸನಗಳು ಕಾಲ್ನಡಿಗೆಯಲ್ಲೇ ಸಿಗುತ್ತವೆ. ಮಲೆಶಂಕರ ಗುಡಿಯೊಂದಕ್ಕೇ ಬೆಳಗು ಸಾಲದು. ಮಾನ್ವಿ ಕಡೆಯವರಿಗೆ ವಿಜಯದಾಸರ ಚೀಕಲಪರ್ವಿ ಇದೆ, ತುಂಗಭದ್ರೆಯ ದಂಡೆಯಲ್ಲಿ. ಮಕ್ಕಳನ್ನು ಹೊಳೆಗೆ ಒಯ್ಯುವುದು ಅಪಾಯವಲ್ಲವೇ ಎಂಬ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಮರುಮಾತಿಲ್ಲ. ದೇವದುರ್ಗದ ಕೊಪ್ಪರದಲ್ಲಿ ನರಸಿಂಹನ ದರ್ಶನಕ್ಕೆ ಹೋದವರು ಕೃಷ್ಣೆಗಿಳಿಯದೆ ಬರುವುದಿಲ್ಲ. ಆ ನದಿಯಲ್ಲಿ ಮೊಸಳೆಗಳಿವೆ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಮೋಡವೇ ಇಲ್ಲದ ದಿನವೂ ಹೊಳೆ ಏರುತ್ತದೆ. ‘ಈಜು ಬರ್ತದ’ ಎನ್ನುವ ಹಟಮಾರಿಗಳಿಗೆ ಯಾವ ಅಧಿಕಾರಿ ಬೋರ್ಡು ನೆಟ್ಟರೂ ಅಷ್ಟೇ. ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿ; ನೀರಿಗೆ ಇಳಿಯಬೇಡಿ.