ಸ್ವಾತಂತ್ರ್ಯವೂ ಪರಮತಸಹಿಷ್ಣುತೆಯೂ

ದೇವಾಲಯವು ಜೀರ್ಣವಾದಾಗ ಊರ ಹತ್ತು ಸಮಸ್ತರೂ ಕೂಡಿ ಅದನ್ನು ಉದ್ಧರಿಸುವುದು ಹಿಂದಿನಿಂದ ನಡೆದುಬಂದ ಧರ್ಮ. ಮಾಡಿನ ಮರಕ್ಕೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಗೋಡೆ ಬಿರಿದರೆ ಮಳೆಗಾಲದ ನೀರು ಸೋರಿ ಅದನ್ನು ತಿಳಿಸುತ್ತದೆ. ಆದರೆ ಜನಮನದಲ್ಲಿ ಧರ್ಮಬುದ್ಧಿಯೇ ಜೀರ್ಣವಾದರೆ ಅದು ಬೇಗನೆ ಗೋಚರಿಸುವುದಿಲ್ಲ. ಪೂಜಾದಿಗಳು ಎಂದಿನಂತೆ ನಡೆದಿರುತ್ತವೆ, ಶಂಖ ಜಾಗಟೆಗಳು ಮೊಳಗುತ್ತಲೇ ಇರುತ್ತವೆ. ಒಳಗಿನ ಶೈಥಿಲ್ಯವು ಮಹಾವಿಪತ್ತೊಂದು ಬಂದೆರಗಿದಾಗಲೇ ಬಯಲಾಗುತ್ತದೆ. ಭಾರತದ ಚರಿತ್ರೆಯಲ್ಲಿ ಅಂತಹ ವಿಪತ್ತು ಸ್ವಾತಂತ್ರ್ಯದ ಬೆನ್ನಿಗೇ ಬಂದಿತು.

1947ರ ಆಗಸ್ಟ್ 15ರಂದು ದೇಶವು ದಾಸ್ಯದಿಂದ ಬಿಡುಗಡೆ ಹೊಂದಿತು. ಅದೇ ದಿನಗಳಲ್ಲಿ ಪಂಜಾಬ ಬಂಗಾಳಗಳು ಇಬ್ಭಾಗವಾಗಿ, ಒಂದು ಕೋಟಿಗೂ ಮಿಕ್ಕ ಜನರು ಮನೆಮಠಗಳನ್ನು ತೊರೆದು ಹೊರಡಬೇಕಾಯಿತು. ಲಕ್ಷಾಂತರ ಮಂದಿ ಪ್ರಾಣ ಕಳೆದುಕೊಂಡರು. ದೇವರ ಹೆಸರನ್ನು ಬಾಯಲ್ಲಿ ಹೇಳುತ್ತಲೇ ನೆರೆಯವನು ನೆರೆಯವನನ್ನು ಕೊಂದನು. ರಾಜಧಾನಿಯಲ್ಲಿ ಸ್ವಾತಂತ್ರ್ಯದ ಸಂಭ್ರಮ ನಡೆದ ದಿನ ಗಾಂಧೀಜಿಯವರು ಅಲ್ಲಿರಲಿಲ್ಲ. ಕಲ್ಕತ್ತೆಯ ಬೇಲಿಯಾಘಾಟದ ಹೈದರಿ ಮಂಜಿಲ್ ಎಂಬ ಹಳೆಯ ಮನೆಯಲ್ಲಿ ಉಪವಾಸ, ಪ್ರಾರ್ಥನೆ, ನೂಲುವಿಕೆಗಳಿಂದ ಅವರು ಆ ದಿನವನ್ನು ಕಳೆದರು.

1948ರ ಜನವರಿ 13ರಂದು, ತಮ್ಮ 78ನೆಯ ವಯಸ್ಸಿನಲ್ಲಿ, ದೆಹಲಿಯಲ್ಲಿ ಅವರು ಕೊನೆಯ ಉಪವಾಸವನ್ನು ಕೈಗೊಂಡರು. ಮೆಹರೌಲಿಯ ಖ್ವಾಜಾ ಕುತ್ಬುದ್ದೀನ್ ಬಖ್ತಿಯಾರ್ ಕಾಕಿಯವರ ದರ್ಗಾದಲ್ಲಿ ಎಂದಿನಂತೆ ಉರೂಸು ನಡೆಯಬೇಕು, ಅಲ್ಪಸಂಖ್ಯಾತರು ನಗರದಲ್ಲಿ ನಿರ್ಭಯವಾಗಿ ಓಡಾಡಬೇಕು ಎಂಬಿವು ಅವರು ಬಯಸಿದ ಮಾತುಗಳಲ್ಲಿ ಮುಖ್ಯವಾದುವು. ಎಲ್ಲ ಪಂಗಡಗಳ ಮುಖಂಡರೂ ವಚನವಿತ್ತ ಮೇಲೆ 18ರಂದು ಉಪವಾಸ ಮುಗಿಯಿತು. 27ರಂದು ಅವರು ಸ್ವತಃ ಆ ದರ್ಗಾಕ್ಕೆ ಹೋಗಿಬಂದರು. ಮೂರು ದಿನಗಳ ತರುವಾಯ, ಜನವರಿ 30ರ ಸಂಜೆ, ಪ್ರಾರ್ಥನಾಸ್ಥಳಕ್ಕೆ ನಡೆಯುತ್ತಿದ್ದಾಗ ಗುಂಡಿಗೆ ಬಲಿಯಾದರು. ಕೊಂದವನು ಅನ್ಯಮತದವನಲ್ಲ, ಸ್ವಮತದವನೇ. ರಾಷ್ಟ್ರವು ಅತ್ತಿತು. ಆದರೆ ಅತ್ತು ಕಣ್ಣೊರೆಸಿಕೊಳ್ಳುವುದರಿಂದಲೇ ಅಂತಹ ಪಾಪದ ಋಣವು ತೀರುವುದಿಲ್ಲ. ಆ ಮರಣವು ಕಲಿಸುವ ಪಾಠವೇನು ಎಂಬುದನ್ನು ವಿಚಾರಿಸಬೇಕಾಗಿದೆ.

ಗಾಂಧೀಜಿಯವರ ಸಾಯಂಪ್ರಾರ್ಥನೆಯಲ್ಲಿ ಗೀತೆಯ ಶ್ಲೋಕಗಳೊಂದಿಗೆ ಕುರಾನಿನ ವಾಕ್ಯಗಳೂ ಇರುತ್ತಿದ್ದುವು. 1947ರ ಏಪ್ರಿಲ್ ತಿಂಗಳ ಮೊದಲಲ್ಲಿ ದೆಹಲಿಯ ವಾಲ್ಮೀಕಿ ಮಂದಿರದ ಬಳಿ ನಡೆದ ಸಭೆಗಳಲ್ಲಿ ಕೆಲವರು ಅದಕ್ಕೆ ಆಕ್ಷೇಪವೆತ್ತಿದರು. ಆಗ ಅವರು ಆಕ್ಷೇಪಿಸಿದವರನ್ನು ಬಲಾತ್ಕಾರದಿಂದ ಹೊರಗಟ್ಟಲು ಒಪ್ಪಲಿಲ್ಲ; ಆಕ್ಷೇಪಕ್ಕೆ ಮಣಿದು ಕುರಾನಿನ ಭಾಗವೊಂದನ್ನೇ ಬಿಟ್ಟು ಮಿಕ್ಕುದನ್ನು ನಡೆಸಲೂ ಒಪ್ಪಲಿಲ್ಲ. ಪ್ರಾರ್ಥನೆಯನ್ನೇ ನಿಲ್ಲಿಸಿದರು. ಕೆಲವು ಸಂಜೆಗಳು ಹೀಗೆ ಕಳೆದುವು. ಆಕ್ಷೇಪವಿಲ್ಲವೆಂದಾದ ಮೇಲೆಯೇ ಪೂರ್ಣ ಪ್ರಾರ್ಥನೆ ಮತ್ತೆ ನಡೆಯಿತು. ಇಲ್ಲಿ ಎರಡು ಸೂಕ್ಷ್ಮಗಳಿವೆ. ವಿರೋಧಿಸುವವನ ಸ್ವಾತಂತ್ರ್ಯವನ್ನು ಕಸಿದು ನಡೆಸಿದ ಪ್ರಾರ್ಥನೆ ಪ್ರಾರ್ಥನೆಯಲ್ಲ. ಅನ್ಯನ ದೇವರನ್ನು ಹೊರಗಿಟ್ಟು ನಡೆಸಿದ ಪ್ರಾರ್ಥನೆಯೂ ಪೂರ್ಣವಲ್ಲ. ಜೀವಮಾನವೆಲ್ಲ ರಾಮನಾಮವನ್ನೇ ನೆಚ್ಚಿದ್ದ ಆ ವೈಷ್ಣವನಿಗೆ ಪರರ ನಂಬಿಕೆಯ ಭಯವಿರಲಿಲ್ಲ. ಸ್ವಧರ್ಮದಲ್ಲಿ ನಿಷ್ಠೆ ದೃಢವಾದಷ್ಟೂ ಪರಧರ್ಮದ ಭಯ ಅಳಿಯುತ್ತದೆ. ದ್ವೇಷವು ಶ್ರದ್ಧೆಯ ಲಕ್ಷಣವಲ್ಲ, ಶ್ರದ್ಧಾದೌರ್ಬಲ್ಯದ ಲಕ್ಷಣ.

ಈ ತತ್ತ್ವ ಕನ್ನಡನಾಡಿಗೆ ಹೊಸದಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಡು ಕುಸಿದಾಗ, ದೇವಿಯ ಪೀಠಕ್ಕೆ ಬಳಕೆಯಾಗಿದ್ದ ಶಿಲೆಯಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು ಕಂಡುಬಂದುವು. ಅವುಗಳಲ್ಲಿ ಹನ್ನೆರಡನೆಯ ಶಿಲಾಶಾಸನವೂ ಒಂದು. ತನ್ನ ಮತದ ಮೇಲಣ ಅಭಿಮಾನದಿಂದ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಹೆಚ್ಚಿನ ಹಾನಿಯನ್ನುಂಟುಮಾಡುವನು ಎಂಬುದು ಅದರ ತಾತ್ಪರ್ಯ. ದೇವಿಯ ಪೀಠದಡಿಯಲ್ಲಿ ಸಹಿಷ್ಣುತೆಯ ಶಾಸನವಿದ್ದುದು ಅರ್ಥವತ್ತಾದುದೇ ಸರಿ.

ಇದಕ್ಕಿಂತಲೂ ಹತ್ತಿರದ ನಿದರ್ಶನ ಶ್ರವಣಬೆಳಗೊಳದ 1368ರ ಕನ್ನಡ ಶಾಸನ. ಶ್ರೀವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಪೆನುಗೊಂಡೆ ಮೊದಲಾದ ನಾಡುಗಳ ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಪಂಚಮಹಾವಾದ್ಯ, ಕಲಶ ಇವುಗಳ ಹಕ್ಕಿನ ಪ್ರಶ್ನೆ ಅದಾಗಿತ್ತು. ಅರಸನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೇ ಮೊದಲಾದ ಸಮಸ್ತರನ್ನೂ ಕೂಡಿಸಿ, ವೈಷ್ಣವರ ಕೈಯಲ್ಲಿ ಜೈನರ ಕೈಯನ್ನಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರಿಗೆ ಒದಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಭಾವಿಸಬೇಕೆಂದು ವಿಧಿಸಿದನು. ಅಷ್ಟಕ್ಕೇ ಮುಗಿಯಲಿಲ್ಲ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನಿಯಮಿಸಿ, ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣಬಳಿಸುವ ಹೊಣೆಯು ತಿರುಮಲೆಯ ವೈಷ್ಣವನಾದ ತಾತಯ್ಯನ ಮೇಲೆ ಬಿದ್ದಿತು. ಸಹಿಷ್ಣುತೆಯೆಂದರೆ ಮೂಕನಾಗಿ ಸಹಿಸಿಕೊಂಡಿರುವುದಲ್ಲ, ನೆರೆಯವನ ಗುಡಿಯ ಕಾವಲಿಗೂ ಜೀರ್ಣೋದ್ಧಾರಕ್ಕೂ ಹೊಣೆಯಾಗುವುದು ಎಂಬ ಅರ್ಥವನ್ನು ಆ ಕಲ್ಲು ಸ್ಪಷ್ಟಪಡಿಸುತ್ತದೆ.

ಕುಂಜತ್ತೂರಿನ ಪರಿಸರದವರಿಗಂತೂ ಈ ಮಾತು ಕೇವಲ ಗ್ರಂಥದ ವಿಷಯವಲ್ಲ. ಸಮೀಪದ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ದೈವಗಳ ವಾರ್ಷಿಕ ಉತ್ಸವಕ್ಕೆ ಮುನ್ನ, ಶುಕ್ರವಾರದಂದು, ದೈವಪಾತ್ರಿಗಳು ಸಾವಿರ ಜಮಾಅತ್ತಿನ ಮಸೀದಿಗೆ ಹೋಗಿ ಮುಸಲ್ಮಾನ ಬಾಂಧವರನ್ನು ಉತ್ಸವಕ್ಕೆ ಆಹ್ವಾನಿಸುವ ಪದ್ಧತಿ ಬಹುಕಾಲದಿಂದ ಇದೆ. ಮಂಜೇಶ್ವರದಲ್ಲಿ ಜೈನರ ಬಸದಿಗಳೂ ಇವೆ. ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ ಮಾತುಗಳು ಒಂದೇ ಪೇಟೆಯಲ್ಲಿ ಕೇಳಿಬರುತ್ತವೆ. ಮಂಜೇಶ್ವರವನ್ನೇ ತಮ್ಮ ತಪೋಭೂಮಿಯನ್ನಾಗಿ ಮಾಡಿಕೊಂಡಿದ್ದ ರಾಷ್ಟ್ರಕವಿ ಗೋವಿಂದ ಪೈಯವರು (1883–1963) ಕ್ರಿಸ್ತ, ಬುದ್ಧ, ಕೃಷ್ಣ, ಗಾಂಧೀಜಿ ಈ ನಾಲ್ವರ ಅಂತ್ಯದಿನಗಳನ್ನು ಕಾವ್ಯವಸ್ತುವನ್ನಾಗಿ ಎತ್ತಿಕೊಂಡರು. ಗೊಲ್ಗೊಥಾ, ವೈಶಾಖಿ, ಪ್ರಭಾಸ, ದೆಹಲಿಗಳನ್ನು ಒಂದೇ ಭಕ್ತಿಯಿಂದ ಕಾಣಬಲ್ಲ ದೃಷ್ಟಿ ಈ ಕಡಲತೀರದ ಮಣ್ಣಿನಲ್ಲಿಯೇ ಬೆಳೆಯಿತು.

ಹಾಗೆಂದು ಎಲ್ಲ ಮತಗಳನ್ನೂ ಕಲಸಿ ಒಂದು ಮಾಡಬೇಕೆಂದು ತಿಳಿಯಲಾಗದು. ತಂತ್ರಿಗಳು ಆಗಮೋಕ್ತವಾಗಿಯೇ ಪೂಜಿಸಲಿ, ಮಸೀದಿಯಲ್ಲಿ ನಮಾಜು ತನ್ನ ಕ್ರಮದಲ್ಲಿಯೇ ನಡೆಯಲಿ, ಇಗರ್ಜಿಯ ಘಂಟೆ ತನ್ನ ಹೊತ್ತಿಗೆ ಬಾರಿಸಲಿ. ಯಾವ ಯಾವ ರೂಪವನ್ನು ಭಕ್ತನು ಶ್ರದ್ಧೆಯಿಂದ ಅರ್ಚಿಸಲು ಬಯಸುವನೋ ಆ ಶ್ರದ್ಧೆಯನ್ನೇ ತಾನು ಸ್ಥಿರಗೊಳಿಸುವೆನೆಂದು ಭಗವಂತನು ಗೀತೆಯ ಏಳನೆಯ ಅಧ್ಯಾಯದಲ್ಲಿ ಅಭಯವಿತ್ತಿರುವನು. ಭಗವಂತನೇ ಸ್ಥಿರಗೊಳಿಸುವ ಶ್ರದ್ಧೆಯನ್ನು ಅಲುಗಿಸಲು ಮನುಷ್ಯನಿಗೆ ಯಾವ ಅಧಿಕಾರ? 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 25ನೆಯ ವಿಧಿಯೂ ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳಿಗೆ ಬಾಧಕವಾಗದಂತೆ ಪ್ರತಿಯೊಬ್ಬನಿಗೂ ಅಂತಃಕರಣದ ಸ್ವಾತಂತ್ರ್ಯವನ್ನು ಕೊಟ್ಟಿದೆ.

ಪರಮತದವರನ್ನು ಆದರಿಸಿ ಸ್ವಮತದವರನ್ನೇ ಹೊರಗಿಡುವುದಾದರೆ ಅದೂ ಅರ್ಧಧರ್ಮವೇ. 1920ರ ಆಗಸ್ಟಿನಲ್ಲಿ ಮೌಲಾನಾ ಶೌಕತ್ ಅಲಿಯವರೊಡನೆ ಮಂಗಳೂರಿಗೆ ಬಂದಿದ್ದ ಗಾಂಧೀಜಿಯವರು, 1934ರ ಫೆಬ್ರವರಿಯಲ್ಲಿ ಹರಿಜನಯಾತ್ರೆಯ ನಿಮಿತ್ತ ಮರಳಿ ಬಂದರು. ಹಿಂದೂ-ಮುಸಲ್ಮಾನರ ಐಕ್ಯವೂ ಅಸ್ಪೃಶ್ಯತೆಯ ನಿವಾರಣೆಯೂ ಅವರ ಪಾಲಿಗೆ ಒಂದೇ ಸಾಧನೆಯ ಎರಡು ಅಂಗಗಳಾಗಿದ್ದುವು.

ಜೀರ್ಣೋದ್ಧಾರದ ವಿಧಿಯಲ್ಲಿಯೇ ಇದರ ಸಂಕೇತವಿದೆ. ಬಿಂಬವನ್ನು ಪೀಠದಲ್ಲಿ ನೆಲೆಗೊಳಿಸುವ ಅಷ್ಟಬಂಧವು ಎಂಟು ಬೇರೆ ಬೇರೆ ದ್ರವ್ಯಗಳಿಂದ ಆಗತಕ್ಕದ್ದು. ಒಂದೇ ದ್ರವ್ಯ ಎಷ್ಟೇ ಶ್ರೇಷ್ಠವಾಗಿರಲಿ, ಅದೊಂದರಿಂದ ಬಂಧವು ಸಿದ್ಧಿಸದು. ದೇಶವೂ ಅಂತೆಯೇ. ಬ್ರಹ್ಮಕಲಶದ ತೀರ್ಥವನ್ನು ಶಿರಸಾ ಧರಿಸುವ ಭಕ್ತನು, ತನ್ನ ಊರಿನಲ್ಲಿ ತನಗಿಂತ ಭಿನ್ನವಾಗಿ ನಂಬುವವನು ಭಯವಿಲ್ಲದೆ ತನ್ನ ದೇವರನ್ನು ಕರೆಯಬಲ್ಲನೇ ಎಂದು ತನ್ನನ್ನು ಕೇಳಿಕೊಳ್ಳಲಿ. ಹೌದೆಂಬ ಉತ್ತರ ಸಿಗುವ ಊರಿನಲ್ಲಿ ಸ್ವಾತಂತ್ರ್ಯವು ಉಳಿಯುತ್ತದೆ, ದೇವರ ಸಾನ್ನಿಧ್ಯವೂ ಬೆಳಗುತ್ತದೆ.