ಗಣಕದ ನೆನಪಿನ ತಟ್ಟೆ

ವಿಜಯಪುರ ಜಿಲ್ಲೆಯ ಇಂಡಿ ಸೀಮೆಯ ಹಲಸಂಗಿ ಚಿಕ್ಕ ಊರಾದರೂ ಕನ್ನಡ ಸಾಹಿತ್ಯದಲ್ಲಿ ಅದರ ಹೆಸರು ಚಿಕ್ಕದಲ್ಲ. ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ತ್ರಿಪದಿಗಳನ್ನು ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಹಲಸಂಗಿಯ ಗೆಳೆಯರು ಕೇಳಿ ಬರೆದುಕೊಂಡರು. ಅವು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವಾಗಿ ಹೊರಬಂದವು. ಬಾಯಲ್ಲಿ ಮಾತ್ರ ಇದ್ದ ಹಾಡು ಹಾಡಿದವಳೊಡನೆ ಮರೆಯಾಗುತ್ತದೆ. ಬೇರೊಂದೆಡೆ ಪ್ರತಿಯಾಗಿ ಉಳಿದ ಹಾಡು ಅವಳ ಕಾಲವನ್ನು ದಾಟಿ ಬರುತ್ತದೆ. ಆ ಗೆಳೆಯರು ತಡಮಾಡಿದ್ದರೆ ಎಷ್ಟು ಹಾಡುಗಳು ನಮಗೆ ದಕ್ಕುತ್ತಿದ್ದವೋ ಹೇಳಲಾಗದು.

ಇಂದು ಅದೇ ಸೀಮೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಎಂಬತ್ತು ದಾಟಿದ ಅಜ್ಜಿಯ ಹಾಡುಗಳನ್ನು ಮೊಮ್ಮಗಳು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮನೆಯ ಕಂಪ್ಯೂಟರಿಗೆ ಸೇರಿಸಿ, ಜಾಗ ಸಾಲದೆಂದು ಮೊಬೈಲಿನಿಂದ ಅಳಿಸಿದ್ದಾಳೆ. ಈಗ ಅಜ್ಜಿ ಇಲ್ಲ. ಕಂಪ್ಯೂಟರಾದರೋ ಕೆಲವು ದಿನಗಳಿಂದ ಬಳಲಿದಂತಿದೆ. ಒಂದು ಹಾಡು ತೆರೆಯಲು ನಿಮಿಷಗಳೇ ಹಿಡಿಯುತ್ತವೆ. ಇನ್ನೊಂದು ನಡುವೆಯೇ ನಿಂತುಬಿಡುತ್ತದೆ. ರೋಗ ಇರುವುದು ಹಾರ್ಡ್ ಡಿಸ್ಕಿನಲ್ಲಿ.

ಹಾರ್ಡ್ ಡಿಸ್ಕ್ ಎಂದರೆ ಅಂಗೈಯಗಲದ ಲೋಹದ ಡಬ್ಬಿ. ಅದರೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳು ಒಂದೇ ಅಚ್ಚಿನ ಮೇಲೆ ತಿರುಗುತ್ತಿರುತ್ತವೆ. ಮನೆಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಈ ವೇಗ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು. ಬೀಸುವ ಕಲ್ಲಿನೊಡನೆ ಹುಟ್ಟಿದ ಹಾಡು ಮತ್ತೆ ತಿರುಗುವ ವಸ್ತುವೊಂದರ ಮೇಲೆಯೇ ಬಂದು ಕುಳಿತಿರುವುದು ಒಂದು ಸೋಜಿಗ. ತಟ್ಟೆಯ ಮೇಲಿನ ಕಾಂತೀಯ ಲೇಪದ ಅತಿಸೂಕ್ಷ್ಮ ಚುಕ್ಕೆಗಳ ದಿಕ್ಕನ್ನು ಬದಲಿಸುವುದೇ ಇಲ್ಲಿ ಬರವಣಿಗೆ. ಬರೆಯುವ ಹಾಗೂ ಓದುವ ಮೊನೆಯು ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ, ತಟ್ಟೆಯ ವೇಗದಿಂದೇಳುವ ಗಾಳಿಯ ಮೇಲೆ ತೇಲುತ್ತದೆ. ಧೂಳಿನ ಒಂದು ಕಣವೂ ಆ ಎಡೆಗಿಂತ ಎಷ್ಟೋ ಪಾಲು ದಪ್ಪ. ಆದುದರಿಂದ ಡಬ್ಬಿಯ ಮುಚ್ಚಳವನ್ನು ಮನೆಯಲ್ಲಿ ತೆರೆಯುವುದು ಎಂದಿಗೂ ಸಲ್ಲದು.

1956ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ಇಂತಹ ಮೊದಲ ಸಾಧನವನ್ನು ಹೊರತಂದಿತು. ಎರಡು ಅಡಿ ವ್ಯಾಸದ 50 ತಟ್ಟೆಗಳಿದ್ದ ಆ ಬೀರುವಿನಂತಹ ಯಂತ್ರ ಹಿಡಿಸಿಕೊಳ್ಳುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು. ಈಗಿನ ಒಂದು ಹಾಡಿನ ಧ್ವನಿಮುದ್ರಿಕೆಗೆ ಅದು ಸಾಕಾದರೆ ಹೆಚ್ಚು. ಇಂದಿನ ಒಂದು ಟೆರಾಬೈಟಿನ ಡಿಸ್ಕು ಅಂತಹ ಎರಡು ಲಕ್ಷ ಹಾಡುಗಳನ್ನು ಹಿಡಿಯಬಲ್ಲದು. ಉಳಿಸುವ ಶಕ್ತಿ ಬೆಳೆದಂತೆ ಒಮ್ಮೆಗೇ ಕಳೆದುಕೊಳ್ಳುವ ಭಯವೂ ಬೆಳೆದಿದೆ.

ಅಂಗಡಿಯಲ್ಲಿ ಹೊಸ ಡಿಸ್ಕು ಹಣಕ್ಕೆ ದೊರೆಯುತ್ತದೆ. ಅಜ್ಜಿಯ ದನಿ ದೊರೆಯದು. ಆದ್ದರಿಂದ ಮೊದಲು ಪ್ರತಿ, ಅನಂತರ ಬದಲಾವಣೆ. ಕಂಪ್ಯೂಟರು ನಿಧಾನವಾಗಿಯಾದರೂ ಓದುತ್ತಿದ್ದರೆ, ಕೆಡುತ್ತಿರುವ ಡಿಸ್ಕಿನ ಮೇಲೆ ಹೊಸದಾಗಿ ಏನನ್ನೂ ಬರೆಯದೆ, ಮತ್ತೆ ಸಿಗಲಾರದ ವಸ್ತುಗಳನ್ನು ಮೊದಲು ಹೊರಗಿನ ಬೇರೊಂದು ಡಿಸ್ಕಿಗೆ ನಕಲು ಮಾಡಬೇಕು. ಹಾಡು, ಭಾವಚಿತ್ರ, ಮನೆಯ ಕಾಗದಪತ್ರಗಳು ಮುಂದೆ. ಸಿನಿಮಾ, ಆಟಗಳು ಹಿಂದೆ. ಒಂದು ಕಡತ ಸಿಕ್ಕಿಕೊಂಡರೆ ಅದರೊಡನೆ ಹೆಣಗಾಡದೆ ಮುಂದಿನದಕ್ಕೆ ಹೋಗುವುದು ಜಾಣತನ. ಚೆನ್ನಾಗಿರುವ ಭಾಗಗಳನ್ನೆಲ್ಲ ಮೊದಲು ಓದಿ, ಕೆಟ್ಟ ಭಾಗಗಳಿಗೆ ಕಡೆಯಲ್ಲಿ ಮರಳುವ ತಂತ್ರಾಂಶಗಳೂ ಇವೆ. ‘ಡಿಸ್ಕನ್ನು ದುರಸ್ತಿ ಮಾಡುವೆ’ ಎನ್ನುವ ತಂತ್ರಾಂಶಗಳನ್ನು ಪ್ರತಿ ಮಾಡಿಕೊಳ್ಳುವ ಮೊದಲು ಓಡಿಸಬಾರದು. ಬಳಲಿದ ಎತ್ತಿಗೆ ಇನ್ನಷ್ಟು ಹೇರು ಹೇರಿದಂತಾಗುತ್ತದೆ.

ಒಳಗಿನಿಂದ ‘ಟಕ್ ಟಕ್’ ಎಂಬ ಸದ್ದು ಬಿಡದೆ ಬರುತ್ತಿದ್ದರೆ ಸ್ಥಿತಿ ಇನ್ನೂ ಗಂಭೀರ. ಓದುವ ಮೊನೆ ತನ್ನ ದಾರಿ ಕಾಣದೆ ಮತ್ತೆ ಮತ್ತೆ ಹಿಂದಿರುಗುವ ಸದ್ದು ಅದು. ಆಗ ಕೂಡಲೇ ಯಂತ್ರವನ್ನು ಆರಿಸಬೇಕು. ಮತ್ತೆ ಹಚ್ಚಿ ಪರೀಕ್ಷಿಸಿದಷ್ಟೂ ತಟ್ಟೆ ಗೀರಿಹೋಗುವ ಅಪಾಯವಿದೆ. ಧೂಳಿಲ್ಲದ ಕೋಣೆಯಲ್ಲಿ ಡಬ್ಬಿ ತೆರೆದು ಮಾಹಿತಿ ತೆಗೆಯುವ ತಜ್ಞರಿದ್ದಾರೆ. ಆದರೆ ವೆಚ್ಚ ಬಹಳ. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುವುದೆಂಬ ಮಾತೊಂದು ಬಳಕೆಯಲ್ಲಿದೆ. ತಣ್ಣಗಾದ ಲೋಹದ ಮೇಲೆ ನೀರು ಹನಿಗಟ್ಟುವುದನ್ನು ಬಲ್ಲವರು ಅದನ್ನು ನಂಬಲಾರರು.

ಡಿಸ್ಕು ಬದಲಿಸುವ ಕೆಲಸ ಇದರ ಮುಂದೆ ಸುಲಭ. ಕಂಪ್ಯೂಟರನ್ನು ಆರಿಸಿ, ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಳಚಬೇಕು. ಮೈಮೇಲಿನ ಸ್ಥಿರವಿದ್ಯುತ್ತು ಹರಿದುಹೋಗಲು ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಬೇಕು. ಪಕ್ಕದ ಹಲಗೆಯನ್ನು ತೆಗೆದರೆ ಡಿಸ್ಕು ಕಾಣುತ್ತದೆ. ಅದಕ್ಕೆ ಎರಡು ತಂತಿಗಳು: ಕಿರಿದಾದುದು ಮಾಹಿತಿಯದು, ಅಗಲವಾದುದು ವಿದ್ಯುತ್ತಿನದು. ಅವನ್ನೂ ಇಕ್ಕೆಲದ ತಿರುಪುಗಳನ್ನೂ ಬಿಡಿಸಿ ಹಳೆಯದನ್ನು ಹೊರಗೆಳೆದು, ಹೊಸದನ್ನು ಅದೇ ಸ್ಥಾನದಲ್ಲಿ ಕೂಡಿಸಬೇಕು. ತಂತಿಗಳ ಬಾಯಿ ಒಂದೇ ಬಗೆಯಲ್ಲಿ ಕೂಡುವಂತೆ ಮಾಡಲಾಗಿದೆ. ಕೂಡದಿದ್ದರೆ ಬಲವನ್ನು ಬಳಸದೆ ತಿರುಗಿಸಿ ನೋಡಬೇಕು. ಹೊಸ ಡಿಸ್ಕು ಬರಿದಾದ ಪಾಟಿಯಂತೆ. ಅದರ ಮೇಲೆ ಮೊದಲು ಕಾರ್ಯಾಚರಣೆಯ ತಂತ್ರಾಂಶವನ್ನು ಸ್ಥಾಪಿಸಿ, ಆಮೇಲೆ ಪ್ರತಿ ಮಾಡಿಟ್ಟುದನ್ನು ಮರಳಿ ತುಂಬಬೇಕು.

ತಿರುಗುವ ತಟ್ಟೆಗಳೇ ಇಲ್ಲದ ಎಸ್‌ಎಸ್‌ಡಿ ಎಂಬ ಹೊಸ ಬಗೆಯೂ ಈಗ ಬಳಕೆಯಲ್ಲಿದೆ. ಅದು ಬಹಳ ವೇಗದ್ದು, ಪೆಟ್ಟಿಗೆ ಹೆದರುವುದಿಲ್ಲ. ಆದರೆ ಕೆಡುವಾಗ ಕೆಲವೊಮ್ಮೆ ಯಾವ ಸೂಚನೆಯನ್ನೂ ಕೊಡದೆ ಕೆಡುತ್ತದೆ. ಎರಡನೆಯ ಪ್ರತಿಯ ಅಗತ್ಯವನ್ನು ಅದೂ ತಪ್ಪಿಸದು.

ಹಳೆಯ ಡಿಸ್ಕನ್ನು ಅಂದೇ ಗುಜರಿಗೆ ಹಾಕಬಾರದು. ನಕಲಾದ ಹಾಡುಗಳನ್ನು ಒಂದೊಂದಾಗಿ ತೆರೆದು, ಕೊನೆಯ ಸಾಲಿನವರೆಗೂ ಕೇಳಿ ನೋಡಬೇಕು. ಹೆಸರು ಮಾತ್ರ ಬಂದು ದನಿ ಬಾರದ ಕಡತಗಳು ಕೆಲವು ಇದ್ದೇ ಇರುತ್ತವೆ. ಅಲ್ಲಿಯವರೆಗೆ ಹಳೆಯದು ದಿನಾಂಕ ಬರೆದ ಚೀಟಿ ಹಚ್ಚಿಸಿಕೊಂಡು, ಬಟ್ಟೆಯಲ್ಲಿ ಸುತ್ತಿ, ಕಪಾಟಿನಲ್ಲಿ ಇರಲಿ.