ಮಾದರಿ ಕಿಟ್‌ಗಳ ಜೋಡಣೆ: ಹೊಸಬರಿಗೊಂದು ಪಾಠ, ತಯಾರಕರಿಗೊಂದು ಎಚ್ಚರಿಕೆ

1949ರಲ್ಲಿ ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಯು ಫರ್ಗುಸನ್ ಟ್ರಾಕ್ಟರಿನ ಪುಟ್ಟ ಪ್ಲಾಸ್ಟಿಕ್ ಮಾದರಿಯೊಂದನ್ನು ತಯಾರಿಸಿತು. ಟ್ರಾಕ್ಟರ್ ಮಾರಾಟಗಾರರ ಪ್ರಚಾರಕ್ಕೆಂದು ರೂಪುಗೊಂಡ ಈ ಮಾದರಿಯನ್ನು ಮೊದಲು ಜೋಡಿಸಿಯೇ ಕೊಡಲಾಗುತ್ತಿತ್ತು. ವೆಚ್ಚ ತಗ್ಗಿಸುವ ಸಲುವಾಗಿ ಬಳಿಕ ಬಿಡಿಭಾಗಗಳನ್ನೇ ಕಿಟ್ ರೂಪದಲ್ಲಿ ಮಾರಲಾಯಿತು. ಹೀಗೆ ಕಾರ್ಖಾನೆಯ ಕೆಲಸವೊಂದು ಗ್ರಾಹಕನ ವಿರಾಮದ ಸಂತೋಷವಾಯಿತು. ಆದರೆ ಆ ಕೆಲಸ ಕೆಟ್ಟರೆ ದೂರು ಬರುವುದು ಅಂಗಡಿಗೇ. ಆದುದರಿಂದ ಕಿಟ್ ತಯಾರಿಸುವವರೂ ಮಾರುವವರೂ ಜೋಡಣೆಯ ಕ್ರಮವನ್ನು ಅರಿತಿರುವುದು ಅವಶ್ಯಕ.

ಸಿದ್ಧತೆ: ಬಿಡಿಭಾಗಗಳು ಪಾಲಿಸ್ಟೈರೀನ್ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಅಚ್ಚಿನಿಂದ ಸುಲಭವಾಗಿ ಬಿಡಿಸಲು ಬಳಸಿದ ಜಿಡ್ಡು ಅವುಗಳ ಮೇಲೆ ಉಳಿದಿದ್ದರೆ ಬಣ್ಣ ಹಿಡಿಯದು. ಚೌಕಟ್ಟನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು ಒಣಗಿಸಬೇಕು. ಭಾಗಗಳನ್ನು ಸೂಚನಾಪತ್ರದೊಂದಿಗೆ ತಾಳೆ ನೋಡಬೇಕು. ಸಂಖ್ಯೆಗಳು ಚೌಕಟ್ಟಿನ ಮೇಲಿರುವುದರಿಂದ ಎಲ್ಲವನ್ನೂ ಒಮ್ಮೆಗೇ ಕತ್ತರಿಸಬಾರದು.

ಕತ್ತರಿಸುವುದು: ಭಾಗಗಳನ್ನು ಕೈಯಿಂದ ತಿರುಚಿ ಮುರಿಯುವುದೇ ಹೊಸಬರ ಮೊದಲ ತಪ್ಪು. ಸೈಡ್ ಕಟರ್‌ನಿಂದ ತುಸು ದೂರದಲ್ಲಿ ಕತ್ತರಿಸಿ, ಉಳಿದ ತುಣುಕನ್ನು ಹರಿತವಾದ ಚಾಕುವಿನಿಂದ ಸವರಿ, 400ರಿಂದ 600 ಸಂಖ್ಯೆಯ ಎಮರಿ ಕಾಗದದಿಂದ ನಯಗೊಳಿಸಬೇಕು.

ಅಂಟಿಸುವುದು: ಮೊದಲು ಅಂಟಿಲ್ಲದೆ ಜೋಡಿಸಿ ನೋಡಬೇಕು. ಪಾಲಿಸ್ಟೈರೀನ್ ಸಿಮೆಂಟು ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸಿ ಎರಡು ಭಾಗಗಳನ್ನು ಬೆಸೆಯುತ್ತದೆ. ಹೆಚ್ಚಾದರೆ ಭಾಗವೇ ಕರಗಿ ವಿಕಾರವಾಗುತ್ತದೆ. ಬೆಸೆಯುವ ಅಂಚಿನಲ್ಲಿ ಬಣ್ಣವಿದ್ದರೆ ಹಿಡಿತ ದುರ್ಬಲವಾಗುವುದರಿಂದ ಅದನ್ನು ಕೆರೆದು ತೆಗೆಯಬೇಕು. ಗಾಳಿಯಾಡುವ ಕೋಣೆಯಲ್ಲಿ ಕೆಲಸ ಮಾಡಿ, ರಾತ್ರಿಯಿಡೀ ಒಣಗಲು ಬಿಡಬೇಕು. ಬಣ್ಣವನ್ನು ದಪ್ಪನಾಗಿ ಒಮ್ಮೆ ಬಳಿಯುವುದಕ್ಕಿಂತ ತೆಳುವಾಗಿ ಎರಡು ಬಾರಿ ಬಳಿಯುವುದು ಲೇಸು.

ತಯಾರಕರ ಹೊಣೆ: ಮೇಲೆ ಹೇಳಿದ ತೊಡಕುಗಳಲ್ಲಿ ಹಲವು ಅಚ್ಚಿನಲ್ಲಿಯೇ ಹುಟ್ಟುತ್ತವೆ. ಚೌಕಟ್ಟಿನ ಸಂಧಿಯನ್ನು ಕಣ್ಣಿಗೆ ಬೀಳದ ಬದಿಗೆ ಇರಿಸಿದರೆ ಕತ್ತರಿಸಿದ ಗುರುತು ಮರೆಯಾಗುತ್ತದೆ. ಸವೆದ ಅಚ್ಚು ಭಾಗಗಳ ಅಂಚಿಗೆ ತೆಳು ಪೊರೆಯನ್ನು ಬಿಟ್ಟು ಗ್ರಾಹಕನ ಶ್ರಮ ಹೆಚ್ಚಿಸುತ್ತದೆ. ಒಂದೇ ಒಂದು ಭಾಗ ಕಾಣೆಯಾದರೂ ಇಡೀ ಕಿಟ್ ವ್ಯರ್ಥ.

ವ್ಯಾಪಾರಿಗಳ ಹೊಣೆ: ಮೊದಲ ಬಾರಿ ಕೊಳ್ಳುವವರಿಗೆ ಕಡಿಮೆ ಭಾಗಗಳ ಕಿಟ್ಟನ್ನೇ ಸೂಚಿಸಬೇಕು. ಅಂಟು, ಬಣ್ಣ, ಕಟರ್ ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಮುಂಚಿತವಾಗಿ ತಿಳಿಸಬೇಕು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿರುವುದನ್ನೂ ಮರೆಯಬಾರದು.

ಹೊಸ ಕಿಟ್ಟನ್ನು ಮಾರುಕಟ್ಟೆಗೆ ಬಿಡುವ ಮುನ್ನ, ಎಂದೂ ಕಿಟ್ ಜೋಡಿಸದ ಒಬ್ಬರ ಕೈಗೆ ಅದನ್ನಿತ್ತು, ಏನನ್ನೂ ಹೇಳಿಕೊಡದೆ ಗಮನಿಸುವುದು ಒಳಿತು. ಅವರು ಎಲ್ಲಿ ತಡವರಿಸುವರೋ ಅಲ್ಲಿ ತಿದ್ದುಪಡಿ ಅಗತ್ಯವೆಂದು ತಿಳಿಯಬೇಕು. ಮೊದಲ ಕಿಟ್ಟನ್ನು ಪೂರ್ಣಗೊಳಿಸಿದ ಗ್ರಾಹಕನೇ ಎರಡನೆಯದನ್ನು ಕೊಳ್ಳಲು ಬರುತ್ತಾನೆ.